ಕೊಳೆ ಒಳಹೊಗುವುದು ಹೇಗೆ, ತುತ್ತ ತಡೆಯುವುದು ಎಲ್ಲಿ?



ಮಳೆಗಾಲದ ನಡುವೆ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರ ಬಾಯಲ್ಲಿ ಒಂದೇ ಮಾತು: “ಔಷಧಿ ಹೊಡೆಸಿದ್ದೆ, ಆದರೂ ಕೊಳೆ ಬಂತು.” ಕೆಲವರು ತುತ್ತವನ್ನು ದೂರುತ್ತಾರೆ, ಕೆಲವರು ಸುಣ್ಣವನ್ನು, ಇನ್ನು ಕೆಲವರು ಮರ ಹತ್ತಿದವನನ್ನು. ಯಾವಾಗ ಹೊಡೆಸಿದಿರಿ ಎಂದು ವಿಚಾರಿಸಿದರೆ ಸಾಮಾನ್ಯವಾಗಿ ಬರುವ ಉತ್ತರ “ನಾಲ್ಕು ಕಾಯಿ ಉದುರಿದ್ದು ಕಂಡ ಕೂಡಲೇ” ಎಂದು. ಸೋಲಿನ ಕಾರಣ ಆ ಉತ್ತರದಲ್ಲೇ ಇದೆ. ಅದು ಮನದಟ್ಟಾಗಬೇಕಾದರೆ ಕೊಳೆಯ ಜೀವಿ ಅಡಿಕೆ ಕಾಯಿಗೆ ಮಾಡುವುದೇನು, ಕಾಯಿ ಅದಕ್ಕೆ ಪ್ರತಿಯಾಗಿ ಮಾಡುವುದೇನು, ನಾವು ಸಿಂಪಡಿಸುವ ತುತ್ತ ಇವರಿಬ್ಬರ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಕಾಳಗವೆಲ್ಲ ಕಣ್ಣಿಗೆ ಕಾಣದ ಜೀವಕೋಶದ ಗೋಡೆಯ ಬಳಿ ನಡೆಯುವಂಥದು.

ಗೋಡೆ, ಗಾರೆ, ಪೊರೆ

ಅಡಿಕೆಯ ಎಳೆಕಾಯಿಯನ್ನು ಉಗುರಿನಿಂದ ಕೆರೆದರೆ ಮೊದಲು ಸಿಗುವುದು ಮೇಣದಂಥ ನುಣುಪಾದ ಹೊದಿಕೆ. ಮೇಲೆ ಬಿದ್ದ ನೀರು ಜಾರಿಹೋಗಲು, ಒಳಗಿನ ನೀರು ಆರದಿರಲು ಇರುವ ಕಂಬಳಿ ಅದು. ಅದರ ಕೆಳಗೆ ಸಾಲುಸಾಲಾಗಿ ಜೀವಕೋಶಗಳು. ಪ್ರತಿ ಕೋಶಕ್ಕೂ ಸೆಲ್ಯುಲೋಸ್ ಎಂಬ ನಾರುವಸ್ತುವಿನ ಗೋಡೆ ಇದೆ. ಹತ್ತಿಯ ನೂಲು ಬಹುಪಾಲು ಈ ವಸ್ತುವೇ. ಒಂದು ಕೋಶಕ್ಕೂ ಪಕ್ಕದ ಕೋಶಕ್ಕೂ ನಡುವೆ ಗಾರೆಯ ಹಾಗೆ ಪೆಕ್ಟಿನ್ ಎಂಬ ಅಂಟು. ಪೇರಳೆ ಹಣ್ಣಿನ ಜೆಲ್ಲಿ ಗಟ್ಟಿಯಾಗುವುದು ಪೆಕ್ಟಿನ್ನಿನಿಂದ. ಕಾಫಿ ಹಣ್ಣನ್ನು ಪಲ್ಪ್ ಮಾಡಿದಾಗ ಬೀಜದ ಮೇಲೆ ಉಳಿಯುವ ಲೋಳೆಯಲ್ಲೂ ಅದು ಧಾರಾಳವಾಗಿದೆ. ತೊಟ್ಟಿಯಲ್ಲಿ ಹುಳಿಬರಿಸಿದರೆ ಆ ಲೋಳೆ ಸಡಿಲಗೊಂಡು ತೊಳೆದುಹೋಗುವುದನ್ನು ಕಾಫಿ ಬೆಳೆಗಾರರೆಲ್ಲ ಬಲ್ಲರು. ಪೆಕ್ಟಿನ್ ಕರಗಿಸುವ ಕಿಣ್ವಗಳು ಅಲ್ಲಿ ನಮಗಾಗಿ ದುಡಿಯುತ್ತವೆ. ಅದೇ ಬಗೆಯ ಕಿಣ್ವಗಳು ಅಡಿಕೆ ಕೊನೆಯ ಮೇಲೆ ನಮಗೆ ವಿರುದ್ಧವಾಗಿ ದುಡಿಯುವುದನ್ನು ಮುಂದೆ ನೋಡೋಣ.

ಗೋಡೆಯ ಒಳಮೈಗೆ ಒತ್ತಿಕೊಂಡಂತೆ ಒಂದು ತೆಳುವಾದ ಪೊರೆ. ಜೀವ ಇರುವುದು ಈ ಪೊರೆಯ ಒಳಗೆ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಹೊರಗೆ ಹೋಗಗೊಡಬಾರದು ಎಂಬುದರ ಯಜಮಾನಿಕೆಯೂ ಅದರದೇ. ಗೋಡೆ ಬಿರುಕುಬಿಟ್ಟರೂ ಕೋಶ ಸ್ವಲ್ಪ ಹೊತ್ತು ತಡೆದೀತು. ಪೊರೆ ಹರಿದರೆ ತಡೆಯದು. ಒಂದು ಜೀವಿ ಇನ್ನೊಂದರ ಕೋಶವನ್ನು ಹಾಳುಮಾಡುವ ಉಪಾಯಗಳು ಅನೇಕ. ಗೋಡೆಯನ್ನು ಕರಗಿಸುವುದು, ಪೊರೆಯನ್ನು ಹರಿಯುವುದು, ಒಳಗೆ ಹೊಕ್ಕು ಕೆಲಸ ಕೆಡಿಸುವುದು, ಇವು ಮುಖ್ಯವಾದವು.

ಈಜಿ ಬರುವ ಶತ್ರು

ಅಡಿಕೆಯ ಕೊಳೆರೋಗವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ 1910ರಲ್ಲಿ ವರದಿ ಪ್ರಕಟಿಸಿದವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್. ರೋಗಕ್ಕೆ ಕಾರಣವಾದ ಜೀವಿ ಫೈಟೋಫ್ತೊರ ಕುಲಕ್ಕೆ ಸೇರಿದುದು. ಜರ್ಮನಿಯ ಡಿ ಬಾರಿ 1876ರಲ್ಲಿ ಕೊಟ್ಟ ಈ ಗ್ರೀಕ್ ಹೆಸರಿಗೆ ಸಸ್ಯನಾಶಕ ಎಂದೇ ಅರ್ಥ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಘೋರ ಕ್ಷಾಮ ತಂದದ್ದು ಇದೇ ಕುಲದ ಇನ್ನೊಂದು ಜೀವಿ. ಇದನ್ನು ನಾವು ರೂಢಿಯಲ್ಲಿ ಬೂಷ್ಟು, ಶಿಲೀಂಧ್ರ ಎನ್ನುತ್ತೇವಾದರೂ ನಿಜವಾದ ಶಿಲೀಂಧ್ರಗಳ ಜಾತಿಗೆ ಇದು ಸೇರಿದ್ದಲ್ಲ. ಇದರ ನೆಂಟಸ್ತಿಕೆ ಸಮುದ್ರದ ಕಂದು ಪಾಚಿಯ ಕಡೆಗೆ. ಶಿಲೀಂಧ್ರಗಳ ಕೋಶಭಿತ್ತಿ ಕೈಟಿನ್ ಎಂಬ ವಸ್ತುವಿನದಾದರೆ ಇದರದು ಸೆಲ್ಯುಲೋಸ್ ಮತ್ತು ಗ್ಲೂಕಾನ್‌ಗಳದು. ಇದೇನು ಪಂಡಿತರ ಕೂದಲು ಸೀಳುವಿಕೆ ಎಂದುಕೊಳ್ಳಬೇಡಿ. ಕೆಲವು ಔಷಧಿಗಳು ಕಾಫಿಯ ತುಕ್ಕಿಗೆ ನಾಟಿ ಅಡಿಕೆಯ ಕೊಳೆಗೆ ನಾಟದಿರುವ ಗುಟ್ಟು ಇಲ್ಲಿದೆ.

ಇದು ಪಾಚಿಯ ನೆಂಟನೆಂಬುದಕ್ಕೆ ಸಾಕ್ಷಿ ಇದರ ಹರಡುವ ರೀತಿ. ಕೊಳೆತ ಕಾಯಿಯ ಮೇಲಿನ ಬಿಳಿ ಬೂಷ್ಟಿನ ಎಳೆಗಳ ತುದಿಯಲ್ಲಿ ನಿಂಬೆಹಣ್ಣಿನ ಆಕಾರದ ಅತಿ ಸಣ್ಣ ಚೀಲಗಳು ಹುಟ್ಟುತ್ತವೆ. ಮಳೆಹನಿಯ ರಭಸಕ್ಕೆ, ಗಾಳಿಗೆ ಅವು ಕಳಚಿ ಬೇರೆ ಕೊನೆಗೆ ತಲಪುತ್ತವೆ. ಅಲ್ಲಿ ತಂಪೂ ನೀರೂ ಸಿಕ್ಕಿದರೆ ಚೀಲದ ತುದಿ ತೆರೆದು ಅನೇಕ ಬೀಜಾಣುಗಳು ಹೊರಬೀಳುತ್ತವೆ. ಇವು ಈಜುವ ಬೀಜಾಣುಗಳು! ಒಂದೊಂದಕ್ಕೂ ಎರಡು ಬಾಲ, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಗಾತ್ರ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸು. ಕಾಯಿಯ ಮೇಲೆ ನಿಂತ ತೆಳುನೀರಿನ ಪದರ ಅವುಗಳಿಗೆ ಕೆರೆಯಷ್ಟು ದೊಡ್ಡದು.

ಓದುಗರು ಗಮನವಿಡಬೇಕಾದ ಸಂಗತಿ ಇದು: ಈಜುತ್ತಿರುವಾಗ ಆ ಬೀಜಾಣುವಿಗೆ ಗೋಡೆ ಇರುವುದಿಲ್ಲ. ಬರೀ ಪೊರೆ. ಕವಚ ತೆಗೆದಿಟ್ಟು ಹೊಳೆ ದಾಟುವ ಸೈನಿಕನ ಹಾಗೆ ಅದರ ಸ್ಥಿತಿ. ಸರಿಯಾದ ಜಾಗ ಸಿಕ್ಕಿದಾಗ ಬಾಲ ಕಳಚಿ, ಕೆಲವೇ ನಿಮಿಷಗಳಲ್ಲಿ ತನ್ನ ಸುತ್ತ ಗೋಡೆ ಕಟ್ಟಿಕೊಂಡು ಕಾಯಿಗೆ ಅಂಟಿ ಕೂರುತ್ತದೆ. ಆಮೇಲೆ ಮೊಳಕೆಯೊಡೆದು ಒಳಗೆ ನುಗ್ಗುತ್ತದೆ. ಈ ಜೀವಿಯ ಆಯುಷ್ಯದಲ್ಲಿ ಅದು ಅತ್ಯಂತ ದುರ್ಬಲವಾಗಿರುವ ಹೊತ್ತು ಈಜುವ ಹೊತ್ತು. ಮಳೆ, ನಡುನಡುವೆ ಬಿಸಿಲು, ಮತ್ತೆ ಮಳೆ ಎಂಬಂಥ ದಿನಗಳಲ್ಲಿ ಕೊಳೆ ಏಕೆ ಮಿತಿಮೀರುತ್ತದೆ ಎಂಬುದೂ ಇದರಿಂದ ತಿಳಿಯುತ್ತದೆ: ಮರದ ಮೇಲಿನ ಕೊನೆ ಆರದೆ ಒದ್ದೆಯಾಗಿಯೇ ಇರುತ್ತದೆ, ಚೀಲಗಳು ಹುಟ್ಟಲೂ ಒಡೆಯಲೂ ಅದು ಒಳ್ಳೆಯ ಹವೆ. ನಮ್ಮ ಹಿರಿಯರು ಕೊನೆಗೆ ಕರಡದ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರಲ್ಲ, ಬೀಜಾಣುವಿನ ಮಾತು ತಿಳಿಯದೆಯೇ ಅವರು ಅದರ ಕೆರೆಯನ್ನು ಬತ್ತಿಸಿದ್ದರು. ಈಗ ಪ್ಲಾಸ್ಟಿಕ್ ಕೊಟ್ಟೆ ಬಂದಿದೆ, ತತ್ವ ಅದೇ.

ಒಳಹೊಕ್ಕ ಮೇಲೆ

ಮೊಳಕೆಯ ತುದಿಯಿಂದ ಕಿಣ್ವಗಳು ಒಸರುತ್ತವೆ. ಮೇಣದ ಹೊದಿಕೆಯನ್ನು ಕರಗಿಸಲು ಒಂದು, ಪೆಕ್ಟಿನ್ ಗಾರೆಯನ್ನು ಸಡಿಲಿಸಲು ಒಂದು, ಸೆಲ್ಯುಲೋಸ್ ಗೋಡೆಯನ್ನು ಕತ್ತರಿಸಲು ಮತ್ತೊಂದು. ಗಾರೆ ಕರಗಿದ ಕೋಶಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ, ಪೊರೆ ಹರಿದು ಒಳಗಿನ ರಸ ಸೋರುತ್ತದೆ. ಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆಸಿದಂತೆ ಕಾಣುವ ಕಡುಹಸಿರು ಕಲೆ ಎಂದರೆ ಇದೇ. ಅದು ಹೊರಗಿನ ಮಳೆಯ ನೀರಲ್ಲ, ಸತ್ತ ಕೋಶಗಳಿಂದ ಸೋರಿದ ರಸ. ಆ ರಸವೇ ಶತ್ರುವಿನ ಊಟ. ಕಲೆ ಹಬ್ಬಿ ಕಾಯಿ ಹೊಳಪು ಕಳೆದುಕೊಳ್ಳುತ್ತದೆ, ತೊಟ್ಟು ಕಳಚಿ ಬೀಳುತ್ತದೆ, ನೆಲದಲ್ಲಿ ಬಿಳಿ ಬೂಷ್ಟು ಕಟ್ಟುತ್ತದೆ. ಆದ್ದರಿಂದ ಉದುರಿದ ಕಾಯಿ ರೋಗದ ಆರಂಭವಲ್ಲ. ಅದು ಬೀಳುವ ಹೊತ್ತಿಗೆ ಅದೇ ಕೊನೆಯ ಇನ್ನೆಷ್ಟೋ ಕಾಯಿಗಳ ಒಳಗೆ ಎಳೆಗಳು ಹಬ್ಬಿರುತ್ತವೆ.

ಎಲ್ಲ ಶತ್ರುಗಳೂ ಕರಗಿಸಿಯೇ ಒಳಗೆ ಹೋಗುತ್ತವೆ ಎಂದಲ್ಲ. ಭತ್ತದ ಬೆಂಕಿರೋಗದ ಶಿಲೀಂಧ್ರ ಎಲೆಯ ಮೇಲೆ ಕಪ್ಪು ಗುಳ್ಳೆಯಂಥ ಒಂದು ಅಂಗವನ್ನು ಕಟ್ಟಿ, ಅದರೊಳಗೆ ವಾತಾವರಣದ ಒತ್ತಡದ ಸುಮಾರು 80 ಪಟ್ಟು ಒತ್ತಡ ತುಂಬಿಕೊಂಡು, ಮೊಳೆ ಹೊಡೆದಂತೆ ಗೋಡೆಯನ್ನು ತೂತುಮಾಡುತ್ತದೆ. 1991ರಲ್ಲಿ ಇದನ್ನು ಅಳೆದರು. ಕಾರಿನ ಟಯರಿನಲ್ಲಿ ನಾವು ತುಂಬಿಸುವ ಗಾಳಿಯ ಒತ್ತಡ ಎರಡು ಪಟ್ಟಿನಷ್ಟು ಮಾತ್ರ! ಈಚಿನ ವರ್ಷಗಳಲ್ಲಿ ಅಡಿಕೆ ತೋಟಗಳನ್ನು ಕಂಗೆಡಿಸಿರುವ ಎಲೆಚುಕ್ಕಿ ರೋಗದಲ್ಲಿ ಕಾಣಸಿಗುವ ಕೊಲೆಟೋಟ್ರೈಕಮ್ ಶಿಲೀಂಧ್ರವೂ ಇಂಥ ಮೊಳೆ ಹೊಡೆಯುವ ಪಂಗಡದ್ದೇ.

ಗಿಡ ಸುಮ್ಮನಿರುವುದಿಲ್ಲ

ಗಿಡಕ್ಕೆ ಓಡಿಹೋಗಲು ಕಾಲಿಲ್ಲ, ನಮ್ಮ ರಕ್ತದ ಬಿಳಿಕಣಗಳಂತೆ ತಿರುಗಾಡುವ ಕಾವಲುಗಾರರೂ ಇಲ್ಲ. ಪ್ರತಿ ಕೋಶವೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು. ಎಳೆ ಅಡಿಕೆಯನ್ನು ಕಚ್ಚಿದರೆ ನಾಲಗೆ ಒಗರಿಗೆ ಮುದುಡುತ್ತದೆ. ಅದರಲ್ಲಿರುವ ಟ್ಯಾನಿನ್ ನಮ್ಮ ಜೊಲ್ಲಿನ ಸಸಾರಜನಕವನ್ನು ಹಿಡಿದು ಗಟ್ಟಿಮಾಡುವುದೇ ಒಗರು. ಶತ್ರುವಿನ ಕಿಣ್ವಗಳೂ ಸಸಾರಜನಕಗಳೇ ಆದ್ದರಿಂದ ಟ್ಯಾನಿನ್ ಅವನ್ನೂ ಹೀಗೆಯೇ ಹಿಡಿದು ನಿಷ್ಕ್ರಿಯಗೊಳಿಸಬಲ್ಲದು. ನಾವು ಹಂಡೆಯಲ್ಲಿ ಬೇಯಿಸಿ ಕೆಂಪಡಿಕೆಗೆ ಬಣ್ಣ ಕಟ್ಟುವ ಚೊಗರು, ಗಿಡದ ಲೆಕ್ಕದಲ್ಲಿ ಮದ್ದುಗುಂಡಿನ ದಾಸ್ತಾನು. ಕಾಫಿಯಲ್ಲಿ ಕೆಫೀನ್ ಇಂಥದೇ ಕೆಲಸ ಮಾಡುತ್ತದೆ. ಎಳೆಚಿಗುರಿನಲ್ಲಿ ಅದು ಹೆಚ್ಚು, ಏಕೆಂದರೆ ಕೀಟಗಳಿಗೆ ಪ್ರಿಯವಾದದ್ದು ಚಿಗುರು. ಆದರೆ ಕಾಯಿಕೊರಕಕ್ಕೆ ಇದೂ ಲೆಕ್ಕಕ್ಕಿಲ್ಲ. ಅದರ ಕರುಳಿನಲ್ಲಿರುವ ಬ್ಯಾಕ್ಟೀರಿಯಗಳು ಕೆಫೀನನ್ನು ಒಡೆದುಹಾಕುತ್ತವೆಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ದಾಸ್ತಾನಿನ ಹೊರತಾಗಿ, ದಾಳಿ ಆದಾಗ ಹೂಡುವ ಉಪಾಯಗಳೂ ಇವೆ. ಗೋಡೆ ಕರಗುತ್ತಿರುವುದರ ಸುಳಿವು ಸಿಕ್ಕಿದ ಕೋಶ ಆ ಜಾಗಕ್ಕೆ ಒಳಗಿನಿಂದ ತೇಪೆ ಹಾಕುತ್ತದೆ, ಹೈಡ್ರೊಜನ್ ಪೆರಾಕ್ಸೈಡ್ ಉಕ್ಕಿಸುತ್ತದೆ. ಗಾಯ ತೊಳೆಯಲು ವೈದ್ಯರು ಬಳಸುತ್ತಿದ್ದ ನೊರೆಬರುವ ಔಷಧಿ ಇದೇ ವಸ್ತು. ಇದಕ್ಕೂ ಬಗ್ಗದಿದ್ದರೆ ಕೊನೆಯ ಉಪಾಯ ಆತ್ಮಾಹುತಿ. ದಾಳಿಗೊಳಗಾದ ಕೋಶವೂ ಅದರ ಸುತ್ತಲಿನ ಕೆಲವೂ ತಾವಾಗಿ ಸತ್ತು ಒಣಗಿ, ಶತ್ರುವಿಗೆ ಉಪವಾಸ ಹಾಕುತ್ತವೆ. ಕಾಡ್ಗಿಚ್ಚು ಬರುವ ದಾರಿಯಲ್ಲಿ ಮೊದಲೇ ಸುಟ್ಟು ಬೆಂಕಿರೇಖೆ ಮಾಡುತ್ತೇವಲ್ಲ, ಹಾಗೆ.

ಈ ಆತ್ಮಾಹುತಿ ಕೊಳೆಯಂಥ ಕೊಂದು ತಿನ್ನುವ ಜೀವಿಗಿಂತ ಕಾಫಿಯ ತುಕ್ಕಿನಂಥ ಬದುಕಿಸಿ ತಿನ್ನುವ ಜೀವಿಗೆ ಹೆಚ್ಚು ಮಾರಕ. ಎಲೆತುಕ್ಕಿನ ಶಿಲೀಂಧ್ರ ಗೋಡೆಗಳನ್ನು ಕಂಡಕಂಡಲ್ಲಿ ಒಡೆಯುವುದಿಲ್ಲ. ಎಲೆಯ ಅಡಿಭಾಗದ ಉಸಿರುರಂಧ್ರಗಳ ಮೂಲಕ ಸದ್ದಿಲ್ಲದೆ ಒಳಸೇರಿ, ಕೋಶದ ಗೋಡೆಯಲ್ಲಿ ಸಣ್ಣ ಕಿಂಡಿ ಕೊರೆದು, ಪೊರೆಯನ್ನು ಹರಿಯದೆ ಒಳಕ್ಕೆ ಒತ್ತಿ, ಬಂದಳಿಕೆಯ ಹಾಗೆ ಹೀರುಬೇರು ಇಳಿಸುತ್ತದೆ. ಕೋಶ ಬದುಕಿರಬೇಕು, ದುಡಿಯುತ್ತಿರಬೇಕು, ದುಡಿದದ್ದು ಇದಕ್ಕೆ ಬರಬೇಕು. ಒಕ್ಕಲನ್ನು ಸಾಯಗೊಡದೆ ಗೇಣಿ ವಸೂಲಿ ಮಾಡುವ ಧಣಿಯ ಬುದ್ಧಿ! ಆ ಕೋಶವೇ ಸತ್ತುಹೋದರೆ ತುಕ್ಕಿಗೆ ಗತಿಯಿಲ್ಲ. ತುಕ್ಕುನಿರೋಧಕ ತಳಿಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ: ಶತ್ರು ಸ್ರವಿಸುವ ಯಾವುದೋ ಒಂದು ವಸ್ತುವನ್ನು ಕೋಶ ಗುರುತು ಹಿಡಿಯುತ್ತದೆ, ಕೂಡಲೇ ಸಾಯುತ್ತದೆ.

ಗುರುತು ಹಿಡಿಯುವ ಈ ವಿದ್ಯೆಯಲ್ಲಿ ಒಂದು ದೌರ್ಬಲ್ಯವಿದೆ. ಕಳ್ಳ ವೇಷ ಬದಲಿಸಿದರೆ ಗುರುತು ಸಿಗುವುದಿಲ್ಲ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ತುಕ್ಕು ಅಲ್ಲಿನ ಕಾಫಿ ಬೇಸಾಯವನ್ನೇ ಅಳಿಸಿ ದ್ವೀಪವನ್ನು ಚಹಾದ ಕಡೆಗೆ ತಿರುಗಿಸಿತು; ಬೇಗನೆ ನಮ್ಮ ಕಡೆಗೂ ಬಂತು. 1911ರಲ್ಲಿ ಕೆಂಟ್ ಎಂಬ ಪ್ಲಾಂಟರು ಮೈಸೂರು ಸೀಮೆಯ ತೋಟದಲ್ಲಿ ತುಕ್ಕು ತಾಗದ ಗಿಡವೊಂದನ್ನು ಆರಿಸಿದರು, ಅದರ ಬೀಜ ಎಲ್ಲೆಡೆ ಹರಡಿತು. ಕೆಲವು ವರ್ಷಗಳಲ್ಲಿ ಕೆಂಟ್ ತಳಿಗೂ ತುಕ್ಕು ಹಿಡಿಯತೊಡಗಿತು. ಗಿಡ ಸೊರಗಿತು, ಮಣ್ಣು ಸತ್ತಿತು ಎಂದು ಜನ ಬಗೆಬಗೆಯಾಗಿ ಹೇಳಿದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾಗಿದ್ದ ಕಾಫಿ ಸಂಶೋಧನಾ ಕೇಂದ್ರದಲ್ಲಿ ದುಡಿದ ವಿಲ್ಸನ್ ಮೇನ್ 1930ರ ದಶಕದಲ್ಲಿ ನಿಜ ಕಾರಣ ತೋರಿಸಿಕೊಟ್ಟರು: ತುಕ್ಕಿನಲ್ಲೇ ಬೇರೆ ಬೇರೆ ಪಂಗಡಗಳಿವೆ, ಕೆಂಟ್ ತಳಿಗೆ ಗುರುತು ಸಿಗದ ಪಂಗಡ ತಲೆಯೆತ್ತಿದೆ. ಕಾಫಿ ತುಕ್ಕಿನ ಪಂಗಡಗಳ ವಿಚಾರ ಜಗತ್ತಿಗೆ ಮೊದಲು ತಿಳಿದದ್ದು ಹೀಗೆ ನಮ್ಮ ಮಲೆನಾಡಿನಿಂದ. ಇಂದು ಅಂಥ ಪಂಗಡಗಳು 50ಕ್ಕೂ ಹೆಚ್ಚು ಗುರುತಾಗಿವೆ. 1940ರ ದಶಕದಲ್ಲಿ ಬಂದ ಎಸ್. 795, 1985ರಲ್ಲಿ ಬಂದ ಕಾವೇರಿ, ಇವೆಲ್ಲ ಮೊದಲು ತಡೆದು ಆಮೇಲೆ ಅನೇಕ ಕಡೆ ಸೋತದ್ದನ್ನು ಬೆಳೆಗಾರರು ಕಂಡಿದ್ದಾರೆ. ತಳಿ ಕೈಕೊಟ್ಟಿತೆಂದು ಬಯ್ಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ; ಗಿಡ ಬದಲಾಗಿಲ್ಲ, ಕಳ್ಳ ಬದಲಾಗಿದ್ದಾನೆ. ನಿರೋಧಕ ತಳಿ ಇದೆಯೆಂದು ಔಷಧಿಯ ಪಂಪನ್ನು ಅಟ್ಟಕ್ಕೆ ಹಾಕುವುದು ಮಾತ್ರ ಅವಿವೇಕ.

ಹೆಸರಿನ ವಿಷಯ ಬಂದದ್ದರಿಂದ ಒಂದು ಮಾತು. ಕಾಫಿಗೂ ಕೊಳೆರೋಗವಿದೆ, ಅದು ಅಡಿಕೆಯ ಕೊಳೆಯಲ್ಲ. ಎಲೆಗಳ ಅಡಿಯಲ್ಲಿ ಜೇಡರಬಲೆಯಂತೆ ಹಬ್ಬಿ, ಉದುರಿದ ಎಲೆಯನ್ನೂ ನೂಲಿನಲ್ಲಿ ನೇತುಹಾಕಿದಂತೆ ಹಿಡಿದಿಡುವ ಬೇರೊಂದು ಶಿಲೀಂಧ್ರ ಅದಕ್ಕೆ ಕಾರಣ. 1876ರಲ್ಲಿ ಅದಕ್ಕೆ ಹೆಸರಿಡುವಾಗ ಇಂಗ್ಲೆಂಡಿನ ಕುಕ್ ಎಂಬ ವಿದ್ವಾಂಸರು ನಮ್ಮ ‘ಕೊಳೆರೋಗ’ ಎಂಬ ಪದವನ್ನೇ ಲ್ಯಾಟಿನ್ ಹೆಸರಿನೊಳಗೆ ಸೇರಿಸಿದರು.

ತುತ್ತ ಮಾಡುವುದೇನು?

ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ತುತ್ತ-ಸುಣ್ಣ ಬಳಿಯುವ ರೂಢಿಯಿತ್ತು. 1882ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿದಾಗ ಬೂಜುರೋಗದಿಂದ ಎಲೆ ಉಳಿದಿದ್ದದ್ದು ಆ ಬಳ್ಳಿಗಳಲ್ಲಿ ಮಾತ್ರ. 1885ರಲ್ಲಿ ಅವರು ದ್ರಾವಣದ ವಿವರ ಪ್ರಕಟಿಸಿದರು. ದ್ರಾಕ್ಷಿಯ ಆ ಬೂಜೂ ಈಜುವ ಬೀಜಾಣುವಿನ ಪಂಗಡದ್ದೇ. ಇದೇ ದ್ರಾವಣವನ್ನು ಅಡಿಕೆಗೆ ಶಿಫಾರಸು ಮಾಡಿದವರು ಕೋಲ್ಮನ್.

ಕಾಯಿಯ ಮೇಲೆ ಒಣಗಿದ ದ್ರಾವಣ ತೆಳು ನೀಲಿ ಲೇಪವಾಗಿ ಉಳಿಯುತ್ತದೆ. ಮಳೆ ಬಂದಾಗ ಅದರಿಂದ ತಾಮ್ರ ಅತ್ಯಲ್ಪವಾಗಿ ಕರಗುತ್ತದೆ. ಆ ನೀರಿನಲ್ಲಿ ಈಜುವ ಗೋಡೆಯಿಲ್ಲದ ಬೀಜಾಣುವಿನೊಳಗೆ ತಾಮ್ರ ನುಸುಳಿ ಅದರ ಕಿಣ್ವಗಳಿಗೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಇಷ್ಟೇ ಅದರ ಮಹಿಮೆ. ತಾಮ್ರ ಕಾಯಿಯ ಒಳಗೆ ಇಳಿಯುವುದಿಲ್ಲ. ಒಳಹೊಕ್ಕ ಎಳೆಯನ್ನು ಅದು ಮುಟ್ಟಲಾರದು. ಕಾಯಿ ಉದುರಿದ ಮೇಲೆ ತುತ್ತ ಹೊಡೆಯುವುದೆಂದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಇನ್ನೂ ತಾಗದ ಕಾಯಿಗಳಿಗೆ ಅದು ರಕ್ಷೆಯಾದೀತು, ತಾಗಿದವಕ್ಕಲ್ಲ.

ತಾಮ್ರಕ್ಕೆ ನಮ್ಮವರು ಪರರು ಎಂಬ ಭೇದವಿಲ್ಲ. ಕರಗಿದ ತಾಮ್ರ ಹೆಚ್ಚಾದರೆ ಅಡಿಕೆಯ ಕೋಶವನ್ನೂ ಸುಡುತ್ತದೆ. ಅದನ್ನು ಕಟ್ಟಿಹಾಕಿ ಬೇಕಾದಷ್ಟೇ ಬಿಡುವಂತೆ ಮಾಡುವುದು ಸುಣ್ಣ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಒಳ್ಳೆಯ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು, ತಿರುಗುಮುರುಗು ಮಾಡಬಾರದು. ಪಾತ್ರೆ ಪ್ಲಾಸ್ಟಿಕ್ಕಿನದೋ ಮರದ್ದೋ ಇರಲಿ, ಕಬ್ಬಿಣದ್ದು ಬೇಡ. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿದಾಗ ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ಕೆಂಪು ಹಿಡಿಯದಷ್ಟು ಸುಣ್ಣದ ತಿಳಿ ಸೇರಿಸಬೇಕು. ಹಳೆಯ ಸುಣ್ಣ ಗಾಳಿಗೆ ಸತ್ತಿರುತ್ತದೆ, ತೂಕ ಸರಿಯಿದ್ದರೂ ಕೆಲಸ ಮಾಡದು. ಮಾಡಿದ ದ್ರಾವಣ ಅಂದೇ ಮುಗಿಯಬೇಕು. ಇದು ಅಡಿಕೆಗೆ ಬೇಕಾದ ಶೇಕಡ 1ರ ದ್ರಾವಣ. ಕಾಫಿಯ ತುಕ್ಕಿಗೆ ಶೇಕಡ ಅರ್ಧ ಸಾಕು, ಆದರೆ ಎಲೆಯ ಅಡಿಭಾಗಕ್ಕೆ ತಾಗಬೇಕು. ಕಾಫಿ ಎಲೆಯ ಉಸಿರುರಂಧ್ರಗಳೆಲ್ಲ ಇರುವುದು ಅಡಿಯಲ್ಲಿ. ಮೇಲಿನಿಂದ ನೀಲಿಯಾಗಿ ಕಂಡಿತೆಂದು ಸಂತೋಷಪಟ್ಟು ಮನೆಗೆ ಬಂದರೆ ಕಳ್ಳನ ಬಾಗಿಲು ತೆರೆದೇ ಇರುತ್ತದೆ.

ಒಳಗಿಳಿಯುವ ಔಷಧಿಗಳೂ ಇವೆ. 1977ರಲ್ಲಿ ಬಂದ ಮೆಟಲಾಕ್ಸಿಲ್ ಗಿಡದೊಳಗೆ ಇಳಿದು ಫೈಟೋಫ್ತೊರದ ಕೋಶದಲ್ಲಿ ಒಂದೇ ಒಂದು ಕೆಲಸವನ್ನು, ಆರ್‌ಎನ್‌ಎ ತಯಾರಿಯನ್ನು, ನಿಲ್ಲಿಸುತ್ತದೆ. ಒಂದೇ ಕೀಲಿಗೆ ಬೀಗ ಬದಲಿಸಲು ಶತ್ರುವಿಗೆ ಹೆಚ್ಚು ಕಾಲ ಬೇಕಾಗಲಿಲ್ಲ. 1980ರಲ್ಲೇ ಐರ್ಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ ಅದು ಸೋತಿತು. ತಾಮ್ರ ಒಂದೇ ಸಲ ಹತ್ತಾರು ಕಿಣ್ವಗಳ ಮೇಲೆ ಬೀಳುವುದರಿಂದ ಶತಮಾನ ಕಳೆದರೂ ಕೊಳೆಯ ಮುಂದೆ ಮೊಂಡಾಗಿಲ್ಲ. ಮ್ಯಾಂಡಿಪ್ರೊಪಮಿಡ್ ಎಂಬ ಹೊಸ ಔಷಧಿ ಫೈಟೋಫ್ತೊರದ ಸೆಲ್ಯುಲೋಸ್ ಗೋಡೆ ಕಟ್ಟುವ ಕೆಲಸವನ್ನೇ ತಡೆಯುತ್ತದೆ. ಅದಕ್ಕೇ ಮೇಲೆ ಗೋಡೆಯ ಮಾತನ್ನು ಅಷ್ಟು ಬೆಳೆಸಿದ್ದು. ಇಂಥವುಗಳ ಪ್ರಮಾಣವನ್ನು ವಿಟ್ಲದ ಸಂಶೋಧನಾ ಕೇಂದ್ರದವರನ್ನು ಕೇಳಿಯೇ ನಿರ್ಧರಿಸಿ, ಅಂಗಡಿಯವನ ಬಾಯಿಮಾತಿನ ಮೇಲಲ್ಲ.

ನಮ್ಮ ಪಕ್ಷದ ಜೀವಿಗಳು

ಕೋಶ ಒಡೆಯುವ ವಿದ್ಯೆ ಶತ್ರುವಿನ ಸ್ವತ್ತಲ್ಲ. ಟ್ರೈಕೋಡರ್ಮ ಎಂಬ ಹಸಿರು ಬೂಷ್ಟು ಬೇರೆ ಶಿಲೀಂಧ್ರದ ಎಳೆಗೆ ಹಾವಿನಂತೆ ಸುತ್ತಿಕೊಂಡು ಅದರ ಗೋಡೆ ಕರಗಿಸಿ ತಿನ್ನುತ್ತದೆ. 1932ರಲ್ಲೇ ವೈಂಡ್ಲಿಂಗ್ ಎಂಬವರು ಇದನ್ನು ವರ್ಣಿಸಿದ್ದರು. ಬ್ಯುವೇರಿಯ ಎಂಬುದು ಕಾಯಿಕೊರಕದ ಹೊರಚರ್ಮವನ್ನೇ ಕೊರೆದು ಒಳಸೇರುತ್ತದೆ. ರೇಷ್ಮೆ ಸಾಕುವವರು ಸುಣ್ಣಕಟ್ಟು ಎಂದು ಹೆದರುವ ರೋಗ ಇದರದೇ, ಅವರಿಗೆ ಶತ್ರು, ನಮಗೆ ಮಿತ್ರ. ತುಕ್ಕಿನ ಕಿತ್ತಳೆ ಪುಡಿಯ ಮೇಲೆ ಒಮ್ಮೊಮ್ಮೆ ಬಿಳಿ ಬೂಷ್ಟು ಕಂಡರೆ ಗಾಬರಿಯಾಗಬೇಡಿ, ತುಕ್ಕನ್ನು ತಿನ್ನುವವನು ಬಂದಿದ್ದಾನೆ. ಇವೆಲ್ಲಕ್ಕೂ ತಾಮ್ರವೆಂದರೆ ವಿಷವೇ. ಟ್ರೈಕೋಡರ್ಮವನ್ನು ಬೋರ್ಡೋ ಜತೆ ಒಂದೇ ಡ್ರಮ್ಮಿನಲ್ಲಿ ಬೆರೆಸುವುದು ದುಡ್ಡು ಹಾಳುಮಾಡುವ ಅತಿ ಸುಲಭದ ದಾರಿ. ಅದನ್ನು ಗೊಬ್ಬರದೊಡನೆ ಬುಡಕ್ಕೆ, ಬೇರೆ ಸಮಯದಲ್ಲಿ ಕೊಡಬೇಕು.

ಈ ಸಲದ ಕೆಲಸ

ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಮೇ ಕೊನೆ ಅಥವಾ ಜೂನ್ ಮೊದಲ ವಾರದಲ್ಲಿ ಮುಗಿಯಬೇಕು. ಎರಡನೆಯದು 40ರಿಂದ 45 ದಿನಗಳ ಮೇಲೆ. ಇದು ಪುಸ್ತಕದ ಹಟವಲ್ಲ: ಆ ಅವಧಿಯಲ್ಲಿ ಕಾಯಿ ಉಬ್ಬಿ ಹೊಸ ಮೈ ತೆರೆದುಕೊಳ್ಳುತ್ತದೆ, ಅಲ್ಲಿ ತುತ್ತವಿಲ್ಲ, ಇದ್ದ ಲೇಪವನ್ನೂ ಮಳೆ ತೊಳೆದಿರುತ್ತದೆ. ಮಳೆ ಎಳೆದರೆ ಮೂರನೆಯದೂ ಬೇಕಾದೀತು. ಮರ ಹತ್ತುವವರು ಸಿಗದೆ ದಿನ ತಪ್ಪುತ್ತಿದೆ ಎಂಬುದು ಎಲ್ಲರ ಕಷ್ಟ. ಅಕ್ಕಪಕ್ಕದ ನಾಲ್ಕಾರು ಮನೆಯವರು ಕೂಡಿ ದಿನ ಗೊತ್ತುಮಾಡಿ ಮುಯ್ಯಾಳಿನ ಲೆಕ್ಕದಲ್ಲಿ ಸಾಗಿಸಿದರೆ ಸಣ್ಣ ಹಿಡುವಳಿಯವರಿಗೆ ಹಗುರಾದೀತು.

ಕಳೆದ ವರ್ಷದ ಒಣಗಿದ ರೋಗದ ಕೊನೆಗಳು ಮರದಲ್ಲೇ ನೇತಾಡುತ್ತಿದ್ದರೆ ಮಳೆಗೆ ಮುಂಚೆ ತೆಗೆಸಿ, ಬೀಜಾಣುವಿನ ಚೀಲ ಹುಟ್ಟುವ ಮೊದಲ ಜಾಗ ಅದು. ಉದುರಿದ ಕಾಯಿಯನ್ನು ದಿನ ಬಿಟ್ಟು ದಿನವಾದರೂ ಹೆಕ್ಕಬೇಕು. ಹೆಕ್ಕಿದ್ದನ್ನು ತೋಡಿಗೆ ಎಸೆಯುವ ಅಭ್ಯಾಸ ಕೆಲವರಲ್ಲಿದೆ. ಈಜುವ ಜೀವಿಗೆ ತೋಡೆಂದರೆ ರಾಜಮಾರ್ಗ, ಕೆಳಗಿನ ತೋಟ ಅಣ್ಣತಮ್ಮಂದಿರದೋ ನೆರೆಯವರದೋ ಆಗಿರುತ್ತದೆ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಸುಡಿ, ಇಲ್ಲವಾದರೆ ತೋಟದಿಂದ ಹೊರಗೆ ಗುಂಡಿ ತೆಗೆದು ಹೂಳಿ.